ಆ ಪುಟ್ಟ ಹಿಟ್ ಕ್ಯಾಮರಾದಲ್ಲಿ ಈಗ ಫೋಟೋ ತೆಗೀಬಹುದಾ?

ಪ್ರಶ್ನೆ: ನಮ್ಮ ದೊಡ್ಡಪ್ಪ ಮಂಗಳೂರಿಂದ ಹೋಗಿ ಹಡಗಲ್ಲಿ ಕೆಲಸ ಮಾಡ್ತಿದ್ರು. ಅವರ ಟ್ರಂಕಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ ಇರೋ ಒಂದು ಕ್ಯಾಮರಾ ಸಿಕ್ತು. ಮುಂದೆ ‘ಹಿಟ್’ ಅಂತಿದೆ, ತಳದಲ್ಲಿ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತಿದೆ. ಇದಕ್ಕೆ ಫಿಲ್ಮ್ ಸಿಗತ್ತಾ? ಇದಕ್ಕೆ ತುಂಬಾ ಬೆಲೆ ಇದೆ ಅಂತಾರೆ, ನಿಜಾನಾ? ಇದು ಆಗಲ್ಲ ಅಂದ್ರೆ ಕಡಿಮೆ ದುಡ್ಡಲ್ಲಿ ಹಳೇ ಜಪಾನಿ ಟಾಯ್ ಕ್ಯಾಮರಾ ಯಾವುದು ತಗೋಬಹುದು? ನಂಗೆ ನಿಜವಾಗ್ಲೂ ಫೋಟೋ ತೆಗೀಬೇಕು, ಶೋಕೇಸಲ್ಲಿ ಇಡಕ್ಕಲ್ಲ.

ಉತ್ತರ: ನಮಸ್ಕಾರ. ಮೊದಲು ನೇರವಾಗಿ ಹೇಳಿಬಿಡ್ತೀನಿ. ನಿಮ್ಮ ಹಿಟ್ಟಲ್ಲಿ ಫೋಟೋ ತೆಗೀಬಹುದು, ಆದ್ರೆ ಅದರ ಫಿಲ್ಮ್ ಅಂಗಡೀಲಿ ಸಿಗಲ್ಲ, ನೀವೇ ಕತ್ತರಿಸಿಕೊಂಡು ಸುತ್ತಿಕೋಬೇಕು. ಬೆಲೆ ವಿಷಯಕ್ಕೆ ಬಂದ್ರೆ ದೊಡ್ಡ ಆಸೆ ಇಟ್ಕೋಬೇಡಿ. ವಾರಾವಾರ ಫೋಟೋ ತೆಗೆಯೋ ಉದ್ದೇಶ ಇದ್ರೆ ಹಿಟ್ಟನ್ನ ಮನೇಲಿ ಜೋಪಾನವಾಗಿಟ್ಟು ಫ್ಯೂಜಿಪೆಟ್ ಅನ್ನೋ ಹಳೇ ಜಪಾನಿ ಮಕ್ಕಳ ಕ್ಯಾಮರಾ ಒಂದನ್ನ ಹುಡುಕಿ. ಈ ಸಾಲಿನ ಕ್ಯಾಮರಾ ಯಾವುದೇ ತಗೊಳ್ಳೋ ಮುಂಚೆ ಕ್ಯಾಮರಾ ಚೆಂದ ನೋಡೋಕಿಂತ ಅದು ತಿನ್ನೋ ಫಿಲ್ಮ್ ಯಾವುದು ಅಂತ ಮೊದಲು ಕೇಳಿ, ಯಾಕಂದ್ರೆ ಅರ್ಧ ಜನ ಎಡವೋದೇ ಅಲ್ಲಿ, ಚಿಕ್ಕದು ಮುದ್ದಾಗಿದೆ ಅಂತ ತರಿಸ್ಕೊಂಡು ಆಮೇಲೆ ಫಿಲ್ಮ್ ಇಲ್ಲ ಅಂತ ಗೊತ್ತಾಗಿ ಕಪಾಟಲ್ಲಿ ಇಟ್ಟುಬಿಡ್ತಾರೆ.

ಈಗ ನಿಮ್ಮ ಕೈಲಿರೋದು ಏನು ಅಂತ ನೋಡೋಣ. ಈ ಜಾತಿಯ ಕ್ಯಾಮರಾಗಳ ಮೂಲ 1937ರಲ್ಲಿ ಮಿಸುಝು ಅನ್ನೋ ಕಂಪನಿ ತಂದ ಮಿಜೆಟ್ ಅನ್ನೋ ಕ್ಯಾಮರಾ. 17.5 ಎಂಎಂ ಅಗಲದ ಫಿಲ್ಮು, ಅಂದ್ರೆ ಸಿನಿಮಾದ 35 ಎಂಎಂ ಫಿಲ್ಮಿನ ಸರಿಯಾಗಿ ಅರ್ಧ, ಅದರ ಹಿಂದೆ ಕಾಗದ, ಮೇಲೆ 14 ಎಂಎಂ ಉದ್ದ 14 ಎಂಎಂ ಅಗಲದ ಚೌಕ ಚಿತ್ರ, ರೋಲಿಗೆ ಹತ್ತು. ಇದೇ ಅಳತೆಯನ್ನ ಆಮೇಲೆ ಮೈಕ್ರೋ ಅನ್ನೋ ಕ್ಯಾಮರಾ ತಗೊಂಡ್ತು, ಯುದ್ಧ ಮುಗಿದ ಮೇಲೆ ತೋಗೋಡೋ ಕಂಪನಿ ಹಿಟ್ ಅಂತ ಮಾಡ್ತು. ಹಿಟ್ ಎಷ್ಟು ಓಡ್ತು ಅಂದ್ರೆ ಅದರ ಹಾಗೇ ಇರೋ, ಬರೀ ಹೆಸರು ಬೇರೆ ಇರೋ ಕ್ಯಾಮರಾಗಳು ಡಜನ್ನುಗಟ್ಟಲೆ ಬಂದ್ವು, ಅಮೆರಿಕದಲ್ಲಿ ಆಮದು ಮಾಡ್ಕೊಳ್ಳೋರು ಯಾವ ಹೆಸರು ಕೇಳ್ತಾರೋ ಆ ಹೆಸರು ಮುಂದಿನ ತಗಡಿನ ಮೇಲೆ ಒತ್ತಿ ಕಳಿಸ್ತಿದ್ರು. ಅದಕ್ಕೇ ಸಂಗ್ರಾಹಕರು ಇವೆಲ್ಲಕ್ಕೂ ಸೇರಿಸಿ ಹಿಟ್ ಟೈಪ್ ಅಂತಾನೇ ಕರೀತಾರೆ.

‘ಆಕ್ಯುಪೈಡ್ ಜಪಾನ್’ ಅನ್ನೋ ಮುದ್ರೆ ನಿಮಗೆ ಕಾಲ ಹೇಳತ್ತೆ. ಯುದ್ಧದಲ್ಲಿ ಸೋತ ಮೇಲೆ ಜಪಾನ್ ಮಿತ್ರಪಡೆಗಳ ಆಡಳಿತದಲ್ಲಿತ್ತು, ರಫ್ತಾಗೋ ಸಾಮಾನಿನ ಮೇಲೆ ಹಾಗೆ ಬರೀಬೇಕು ಅಂತ 1947ರಲ್ಲಿ ಆದೇಶ ಬಂತು, ಆ ಆಡಳಿತ 1952ರ ಏಪ್ರಿಲ್ ಕೊನೇಲಿ ಮುಗೀತು. ಹಾಗಾಗಿ ನಿಮ್ಮ ಕ್ಯಾಮರಾ ಈ ಐದು ವರ್ಷದ ಒಳಗಿನದ್ದು. ಬರೀ ‘ಜಪಾನ್’ ಅಂತಷ್ಟೇ ಇರೋವು ಸಾಮಾನ್ಯವಾಗಿ ಅದರ ನಂತರದವು.

ಬೆಲೆ ಯಾಕೆ ಇಲ್ಲ ಅಂದ್ರೆ ಇವು ಸಿಕ್ಕಾಪಟ್ಟೆ ಸಂಖ್ಯೇಲಿ ಆಗಿದ್ವು. ಅಮೆರಿಕದ ಪತ್ರಿಕೆಗಳ ಹಿಂದಿನ ಪುಟದ ಜಾಹೀರಾತು ನೋಡಿ ಹುಡುಗರು ಪೋಸ್ಟಲ್ಲಿ ತರಿಸ್ಕೋತಿದ್ರು, ಬಂದರುಗಳಲ್ಲಿ ನಾವಿಕರು ಮನೇ ಮಕ್ಕಳಿಗೆ ಅಂತ ತಗೋತಿದ್ರು, ನಿಮ್ಮ ದೊಡ್ಡಪ್ಪನ ಕೈಗೂ ಹಾಗೇ ಬಂದಿರಬಹುದು. ಮೂಲ ಡಬ್ಬಿ, ಚರ್ಮದ ಪುಟ್ಟ ಕೇಸು, ಒಡೆಯದ ಫಿಲ್ಮ್ ರೋಲು ಎಲ್ಲಾ ಜೊತೆಗಿದ್ರೆ ಸ್ವಲ್ಪ ಜಾಸ್ತಿ ಕೊಡ್ತಾರೆ, ಅಪರೂಪದ ಹೆಸರಿದ್ರೂ ಕೊಡ್ತಾರೆ. ನಿಜವಾದ ಬೆಲೆ ಇರೋ ಜಪಾನಿ ಪುಟಾಣಿಗಳು ಬೇರೆ. ಪೆಟಲ್ ಅಂತ 1948ರ ಸುಮಾರಿಗೆ ಬಂದದ್ದು, ದುಂಡಗೆ ನಾಣ್ಯದ ಥರ ಕತ್ತರಿಸಿದ ಫಿಲ್ಮ್ ಮೇಲೆ ಸುತ್ತಾ ಆರು ಚಿತ್ರ ತೆಗೆಯತ್ತೆ, ಅದನ್ನ ಜನ ಹುಡುಕ್ಕೊಂಡು ಹೋಗ್ತಾರೆ. ನಿಮ್ಮದನ್ನ ಮಾರಬೇಡಿ ಅಂತಾನೇ ನನ್ನ ಸಲಹೆ. ಮಾರುಕಟ್ಟೇಲಿ ಅದು ಸಾವಿರಾರು ಹಿಟ್‌ಗಳಲ್ಲಿ ಇನ್ನೊಂದು ಅಷ್ಟೇ, ದೊಡ್ಡಪ್ಪ ಸಮುದ್ರ ದಾಟಿಸಿ ತಂದದ್ದು ಅನ್ನೋ ಬೆಲೆ ನಿಮ್ಮ ಮನೇಲಿ ಮಾತ್ರ ಇರೋದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಈ ಕ್ಯಾಮರಾಗಳನ್ನ ನೋಡಿ ಆ ಕಾಲದ ಜಪಾನಿ ಕೆಲಸವೇ ಕಳಪೆ ಅನ್ನೋರಿದ್ದಾರೆ, ಅದು ಅನ್ಯಾಯ. 1950ರಲ್ಲೇ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ನಿಕಾನ್ ಕಂಪನಿಯ ನಿಕ್ಕೋರ್ ಲೆನ್ಸ್ ಹಾಕಿ ಕೊರಿಯಾ ಯುದ್ಧದ ಫೋಟೋ ತೆಗೆದು, ಜಪಾನಿ ಲೆನ್ಸು ಜರ್ಮನಿಯದಕ್ಕೆ ಕಮ್ಮಿ ಇಲ್ಲ ಅಂತ ಜಗತ್ತಿಗೆ ಗೊತ್ತಾಗಿತ್ತು. ಒಂದೇ ದೇಶ, ಅದೇ ವರ್ಷಗಳು, ಒಂದು ಕಡೆ ನಿಕ್ಕೋರ್ ಇನ್ನೊಂದು ಕಡೆ ಹಿಟ್. ಅಗ್ಗದ ಮಾಲಿಂದ ದೇಶದ ಹೆಸರು ಕೆಡಬಾರದು ಅಂತ 1954ರಲ್ಲಿ ಅವರು ಕ್ಯಾಮರಾ ತಪಾಸಣೆಗೇ ಒಂದು ಸಂಸ್ಥೆ ಕಟ್ಟಿದ್ರು, ಹಳೇ ಜಪಾನಿ ಕ್ಯಾಮರಾಗಳ ಮೇಲೆ ‘ಪಾಸ್ಡ್’ ಅಂತ ಬಂಗಾರದ ಬಣ್ಣದ ಮೊಟ್ಟೆ ಆಕಾರದ ಸ್ಟಿಕ್ಕರ್ ಇರತ್ತಲ್ಲ, ಅದು ಅವರದ್ದೇ.

ಸರಿ, ಹಿಟ್ ಒಳಗೆ ಏನಿದೆ? ಒಂದೇ ಒಂದು ಗಾಜಿನ ಲೆನ್ಸು, ಒಂದು ಸ್ಪ್ರಿಂಗು, ತೂತಿರೋ ಒಂದು ತಗಡು, ಹಿಂದೆ ಫಿಲ್ಮಿನ ಕಾಗದದ ಮೇಲಿನ ಅಂಕಿ ನೋಡೋಕೆ ಒಂದು ಕೆಂಪು ಕಿಟಕಿ. ಶಟರ್ ವೇಗ ಒಂದೇ, ಸೆಕೆಂಡಿನ 25ನೇ ಒಂದು ಭಾಗದಿಂದ 50ನೇ ಒಂದು ಭಾಗದ ಆಸುಪಾಸು, ಕೆಲವದರಲ್ಲಿ ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರೋ ‘ಬಿ’ ಕೂಡ ಇರತ್ತೆ. ಲೆನ್ಸ್ ಸುತ್ತ ಅಂಕಿ ಬರೆದ ರಿಂಗ್ ಇದ್ರೂ ಎಷ್ಟೋ ಮಾದರೀಲಿ ಅದು ಅಲಂಕಾರಕ್ಕೆ ಮಾತ್ರ, ತಿರುಗಿಸಿದ್ರೆ ಏನೂ ಬದಲಾಗಲ್ಲ. ಫೋಕಸ್ ಇಲ್ಲದೆ ಹೆಂಗೆ ನಡೆಯತ್ತೆ ಅಂತ ಕೇಳ್ತೀರಿ. ನೆಗೆಟಿವ್ ಚಿಕ್ಕದಾದ್ದರಿಂದ ಲೆನ್ಸಿನ ಫೋಕಲ್ ಲೆಂತ್ (ಹೆಚ್ಚುಕಡಿಮೆ ಲೆನ್ಸಿಂದ ಫಿಲ್ಮಿಗಿರೋ ದೂರ) ಕೂಡ ಚಿಕ್ಕದು, ಸುಮಾರು 20, 25 ಎಂಎಂ, ತೂತು ಎಫ್ 11ರ ಹತ್ತಿರ (ಈ ಎಫ್ ಅಂಕಿ ಹೆಚ್ಚಾದಷ್ಟೂ ತೂತು ಚಿಕ್ಕದು), ಈ ಲೆಕ್ಕದಲ್ಲಿ ಎರಡು ಮೀಟರ್ ಆಚೆ ಇರೋದೆಲ್ಲ ಸಾಕಷ್ಟು ಸ್ಪಷ್ಟವಾಗಿ ಬರತ್ತೆ. ಅಂದ್ರೆ ಮುಖ ಹತ್ತಿರಕ್ಕೆ ತಂದು ತೆಗೀಬೇಡಿ, ಇಡೀ ಮನುಷ್ಯ ಕಾಣೋ ಹಾಗೆ ನಿಂತ್ಕೊಳ್ಳಿ. ಮೂಲೆಗಳು ಮಸುಕು ಬರ್ತಾವೆ, ಅದು ಒಂಟಿ ಲೆನ್ಸಿನ ಗುಣ, ರಿಪೇರಿ ಮಾಡೋಕೆ ಹೋಗ್ಬೇಡಿ.

ಫಿಲ್ಮ್ ಮಾಡ್ಕೊಳ್ಳೋದು ಹೇಗೆ ಅಂತ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇದನ್ನ ಕೇಳೋರು ತುಂಬಾ ಜನ. 17.5 ಅಂದ್ರೆ 35ರ ಅರ್ಧ ಅಲ್ವಾ, ಮಾಮೂಲಿ 35 ಎಂಎಂ ರೋಲನ್ನ ಉದ್ದಕ್ಕೆ ಸೀಳಿದ್ರೆ ಆಯ್ತಲ್ಲ ಅಂತ ಎಲ್ಲರಿಗೂ ಮೊದಲು ಹೊಳೆಯತ್ತೆ. ಸೀಳಬಹುದು, ಆದ್ರೆ ಈಗಿನ 35 ಎಂಎಂ ಫಿಲ್ಮಿನ ಎರಡೂ ಅಂಚಲ್ಲಿ ತೂತುಗಳ ಸಾಲಿದೆ, ಸೀಳಿದ ಅರ್ಧದಲ್ಲಿ ಒಂದು ಸಾಲು ಉಳಿಯತ್ತೆ, ಹಿಟ್ಟಿನ ಚಿತ್ರ 14 ಎಂಎಂ ಅಗಲ ಬೇಡೋದ್ರಿಂದ ಆ ತೂತುಗಳು ಫೋಟೋ ಒಳಗೇ ಬರ್ತಾವೆ. ಕೆಲವರಿಗೆ ಅದೇ ಇಷ್ಟ, ನಂಗೆ ಇಷ್ಟ ಇಲ್ಲ. ನಾನು ಹೇಳೋದು 120 ಅನ್ನೋ ಅಗಲದ ಅಳತೆಯ ರೋಲ್ ಒಂದು ತಗೊಳ್ಳಿ ಅಂತ. ಅದು ಸುಮಾರು 61 ಎಂಎಂ ಅಗಲ, ತೂತಿಲ್ಲ, 17.5ರ ಮೂರು ಪಟ್ಟಿ ಬಂದು ಸ್ವಲ್ಪ ಉಳಿಯತ್ತೆ, ಉದ್ದ 80 ಸೆಂಟಿಮೀಟರ್ ಮೇಲಿದೆ, ಹಿಟ್ಟಿಗೆ ಒಂದು ಸಲಕ್ಕೆ 20 ಸೆಂಟಿಮೀಟರ್ ಸಾಕು, ಹಾಗಾಗಿ ಒಂದು 120 ರೋಲಲ್ಲಿ ಹನ್ನೆರಡು ಪುಟ್ಟ ರೋಲು ಆಗತ್ತೆ. ಹಿಂದಿನ ಕಾಗದವನ್ನೂ ಅದೇ ಅಗಲಕ್ಕೆ ಕತ್ತರಿಸಿ, ಆದ್ರೆ ಫಿಲ್ಮಿಗಿಂತ ಉದ್ದ ಇರಲಿ, ಎರಡೂ ತುದೀಲಿ ಬೆಳಕು ತಡೆಯೋಕೆ ಬರೀ ಕಾಗದ ಸುತ್ತಿರಬೇಕು. ಫಿಲ್ಮಿನ ಮುಂದಿನ ತುದೀನ ಮಾತ್ರ ಕಾಗದಕ್ಕೆ ಟೇಪ್ ಮಾಡಿ, ಹಿಂದಿನ ತುದಿ ಬಿಡಿ, ಎರಡೂ ಕಡೆ ಅಂಟಿಸಿದ್ರೆ ಸುತ್ತುವಾಗ ಉಬ್ಬಿಕೊಳ್ಳತ್ತೆ.

ಇದನ್ನೆಲ್ಲ ಗವ್ವಂತ ಕತ್ತಲೇಲಿ ಮಾಡೋದು ಕಷ್ಟ, ಬೆರಳು ಕುಯ್ಕೋತೀರಿ. ಅದಕ್ಕೆ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ತಗೊಳ್ಳಿ, ಇಲ್ಫೋರ್ಡ್ ಆರ್ಥೋ ಪ್ಲಸ್ 120ರಲ್ಲಿ ಬರತ್ತೆ, ಅದಕ್ಕೆ ಕೆಂಪು ಬೆಳಕು ಕಾಣಲ್ಲ, ಡಾರ್ಕ್ ರೂಮಿನ ಗಾಢ ಕೆಂಪು ದೀಪ ಹಾಕ್ಕೊಂಡೇ ಕತ್ತರಿಸಿ ಸುತ್ತಬಹುದು. ಹಳೇ ಕ್ಯಾಮರಾಗಳಿಗೆ ಹಿಂದೆ ಕೆಂಪು ಕಿಟಕಿ ಇಟ್ಟಿದ್ದರ ಕಾರಣವೂ ಇದೇ, ಆಗಿನ ಫಿಲ್ಮುಗಳಿಗೆ ಕೆಂಪು ಸರಿಯಾಗಿ ಕಾಣ್ತಾ ಇರಲಿಲ್ಲ. ಈಗಿನ ಮಾಮೂಲಿ ಫಿಲ್ಮುಗಳಿಗೆ ಕೆಂಪೂ ಕಾಣತ್ತೆ, ಹಾಗಾಗಿ ಯಾವ ಹಳೇ ಕ್ಯಾಮರಾ ಆದ್ರೂ ಆ ಕಿಟಕಿ ಮೇಲೆ ಕಪ್ಪು ಟೇಪ್ ಹಾಕಿ, ರೋಲ್ ತಿರುಗಿಸುವಾಗ ಮಾತ್ರ ನೆರಳಲ್ಲಿ ಎತ್ತಿ ನೋಡಿ ಮತ್ತೆ ಮುಚ್ಚಿ. ಆರ್ಥೋ ಫಿಲ್ಮಲ್ಲಿ ಕೆಂಪು ಬಣ್ಣದ್ದೆಲ್ಲ ಕಪ್ಪಾಗಿ ಬರತ್ತೆ ಅನ್ನೋದು ನೆನಪಿರಲಿ. ಹಂಚಿನ ಮನೆ, ಕುಂಕುಮ, ಕೆಂಪು ಸೀರೆ ಎಲ್ಲಾ ಗಾಢವಾಗಿ ಬಂದು ಫೋಟೋ ನಿಜಕ್ಕೂ 1950ರದ್ದು ಅನ್ನಿಸತ್ತೆ, ನಂಗಂತೂ ಅದು ತುಂಬಾ ಇಷ್ಟ.

ನೀವೇ ಕತ್ತರಿಸಿದ ಕಾಗದದ ಮೇಲೆ ಹಿಟ್ಟಿಗೆ ಬೇಕಾದ ಅಂಕಿ ಇರಲ್ಲ, ಹಾಗಾಗಿ ಎಷ್ಟು ಸುತ್ತಬೇಕು ಅಂತ ಮೊದಲೇ ಅಭ್ಯಾಸ ಮಾಡ್ಕೊಳ್ಳಿ. ಬರೀ ಕಾಗದ ಹಾಕಿ, ಹಿಂದಿನ ಬಾಗಿಲು ತೆಗೆದಿಟ್ಟು, ಚಿತ್ರ ಬೀಳೋ ಚೌಕದ ಒಂದು ಅಂಚಲ್ಲಿ ಪೆನ್ಸಿಲ್ ಗೆರೆ ಎಳೀರಿ, ಗೆರೆ ಇನ್ನೊಂದು ಅಂಚು ದಾಟೋವರೆಗೂ ಗುಂಡಿ ತಿರುಗಿಸಿ, ಎಷ್ಟು ಸುತ್ತಾಯ್ತು ಬರ್ಕೊಳ್ಳಿ. ಕೊನೆಕೊನೇಗೆ ಸುರುಳಿ ದಪ್ಪ ಆಗಿರತ್ತಲ್ಲ, ಆಗ ಕಡಿಮೆ ತಿರುಗಿಸಿದ್ರೂ ಜಾಸ್ತಿ ಫಿಲ್ಮ್ ಸರಿಯತ್ತೆ, ಅದನ್ನೂ ಬರ್ಕೊಳ್ಳಿ.

ಇಷ್ಟೆಲ್ಲ ತಾಪತ್ರಯ ಈಗಲೇ ಬೇಡ, ಕ್ಯಾಮರಾ ಬದುಕಿದೆಯಾ ಅಂತ ನೋಡಿದ್ರೆ ಸಾಕು ಅಂದ್ರೆ ಒಂದೇ ತುಂಡು ಕಪ್ಪು ಬಿಳುಪು ಪ್ರಿಂಟಿಂಗ್ ಪೇಪರ್ ಕತ್ತರಿಸಿ ಕೆಂಪು ದೀಪದಲ್ಲಿ ಚೌಕದ ಹಿಂದೆ ಇಟ್ಟು ಬಾಗಿಲು ಮುಚ್ಚಿ. ಪೇಪರ್ ತುಂಬಾ ನಿಧಾನ, ಐಎಸ್ಒ (ಬೆಳಕು ಎಷ್ಟು ಬೇಗ ಹಿಡಿಯತ್ತೆ ಅನ್ನೋ ಅಂಕಿ) ಐದಾರರ ಹತ್ತಿರ, ಅದಕ್ಕೆ ‘ಬಿ’ಯಲ್ಲಿಟ್ಟು ಒಳ್ಳೇ ಬಿಸಿಲಲ್ಲಿ ಪಟ್ಟಂತ ಒತ್ತಿ ಬಿಡಿ. ಒಂದೇ ಚಿತ್ರ ಬರತ್ತೆ, ಅದೂ ನೆಗೆಟಿವ್, ಫೋನಲ್ಲಿ ಫೋಟೋ ತೆಗೆದು ಉಲ್ಟಾ ಮಾಡಿದ್ರೆ ಆಯ್ತು. ಲೆನ್ಸು, ಶಟರು, ಬೆಳಕಿನ ಸೋರಿಕೆ ಮೂರೂ ಅದರಲ್ಲೇ ಗೊತ್ತಾಗಿಬಿಡತ್ತೆ.

ಡೆವಲಪ್ ಮಾಡೋಕೆ ಲ್ಯಾಬಿಗೆ ಕೊಡಬೇಡಿ, ಅವರ ಸಲಕರಣೆಗೆ ಈ ಅಗಲ ಸಾಮಾನ್ಯವಾಗಿ ಹಿಡಿಸಲ್ಲ. ಮನೇಲೇ ಕೆಂಪು ದೀಪದಲ್ಲಿ ಒಂದು ಬಟ್ಟಲಿಗೆ ಚಿತ್ರ ಮೂಡಿಸೋ ಡೆವಲಪರ್ ದ್ರಾವಣ ಹಾಕಿ, ಪಟ್ಟಿಯ ಎರಡೂ ತುದಿ ಹಿಡ್ಕೊಂಡು ದ್ರಾವಣದಲ್ಲಿ ಮೇಲೆ ಕೆಳಗೆ ಆಡಿಸ್ತಾ ಇರಿ, ಆಮೇಲೆ ನೀರು, ಆಮೇಲೆ ಚಿತ್ರ ಅಳಿಯದ ಹಾಗೆ ಮಾಡೋ ಫಿಕ್ಸರ್. ಡಬ್ಬಿ ಮೇಲಿನ ಸಮಯ 20 ಡಿಗ್ರಿಗೆ ಕೊಟ್ಟಿರ್ತಾರೆ, ಮಂಗಳೂರಿನ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬಿಸಿ, ಐಸ್ ನೀರಲ್ಲಿ ಬಟ್ಟಲು ಇಟ್ಟು ತಣಿಸ್ಕೊಳ್ಳಿ ಇಲ್ಲಾಂದ್ರೆ ಚಾರ್ಟ್ ನೋಡಿ ಸಮಯ ಇಳಿಸಿ.

ಇನ್ನು ಫ್ಯೂಜಿಪೆಟ್. ಇದರ ಬಗ್ಗೆ ಹೇಳೋಕೆ ನಂಗೆ ಖುಷಿ, ಯಾಕಂದ್ರೆ ಇದನ್ನ ಮಾಡಿದವರು ಮಕ್ಕಳನ್ನ ನಿಜವಾಗ್ಲೂ ಮನಸ್ಸಲ್ಲಿಟ್ಕೊಂಡು ಮಾಡಿದ್ದಾರೆ. ಫ್ಯೂಜಿ ಫೋಟೋ ಫಿಲ್ಮ್ ಕಂಪನಿ 1957ರಲ್ಲಿ ತಂದದ್ದು, ಆಗ 1950 ಯೆನ್. 120 ಫಿಲ್ಮು, 6×6 ಅಂದ್ರೆ ಹೆಚ್ಚುಕಡಿಮೆ ಆರು ಸೆಂಟಿಮೀಟರಿನ ಚೌಕ ಚಿತ್ರ, ರೋಲಿಗೆ ಹನ್ನೆರಡು. ಕಪ್ಪು ಮಾತ್ರ ಅಲ್ಲ, ಕೆಂಪು ಹಳದಿ ಹಸಿರು ನೀಲಿ ಹೀಗೆ ಬಣ್ಣಬಣ್ಣದಲ್ಲಿ ಬಂತು. ಲೆನ್ಸಿನ ಎರಡು ಪಕ್ಕ ಎರಡು ಸನ್ನೆ (ಲಿವರ್), ಒಂದರ ಮೇಲೆ 1 ಇನ್ನೊಂದರ ಮೇಲೆ 2. ಒಂದು ಒತ್ತಿದ್ರೆ ಶಟರ್ ಸಿದ್ಧ, ಎರಡು ಒತ್ತಿದ್ರೆ ಫೋಟೋ. ಅಷ್ಟೇ, ಓದೋಕೆ ಬರೋ ಯಾವ ಮಗು ಆದ್ರೂ ತೆಗೀಬಹುದು. ಬೆಳಕಿಗೆ ಮೂರು ಆಯ್ಕೆ, ಅಂಕಿ ಬದಲು ಹವಾಮಾನದ ಚಿತ್ರ ಇರತ್ತೆ, ಒಳಗೆ ಅವು ಎಫ್ 11, 16, 22.

ಶಟರ್ ಒಂದೇ ವೇಗ, ಸೆಕೆಂಡಿನ 50ನೇ ಒಂದು ಭಾಗದ ಹತ್ತಿರ ಅಂತ ಲೆಕ್ಕ ಹಾಕಿ. ಹಾಗಾದ್ರೆ ಐಎಸ್ಒ 100 ಫಿಲ್ಮ್ ಹಾಕಿ ಬಿಸಿಲಿಗೆ ಸೂರ್ಯನ ಚಿತ್ರದಲ್ಲಿಟ್ರೆ ಎಕ್ಸ್‌ಪೋಷರ್ ಸರಿಯಾಗಿ ಕೂರತ್ತೆ. ಮಳೆಗಾಲದ ಮೋಡಕ್ಕೆ 400 ಹಾಕಿ ಮೋಡದ ಚಿತ್ರಕ್ಕೆ ತಿರುಗಿಸಿ. ಲೆನ್ಸ್ 70 ಎಂಎಂ ಆದ್ದರಿಂದ ಹಿಟ್ಟಿಗಿದ್ದಷ್ಟು ಫೋಕಸ್ ಸಲೀಸು ಇದಕ್ಕಿಲ್ಲ, ಎಫ್ 11ರಲ್ಲಿ ನಾಲ್ಕೈದು ಮೀಟರ್ ಒಳಗಿನದ್ದು ಮೆತ್ತಗಾಗತ್ತೆ, ಎಫ್ 22ರಲ್ಲಿ ಎರಡೂವರೆ ಮೀಟರಿನವರೆಗೂ ಬರಬಹುದು. ಜನರ ಫೋಟೋ ತೆಗೆಯೋದಾದ್ರೆ ಬಿಸಿಲಲ್ಲೇ ತೆಗೀರಿ. ಎರಡನೇ ಸನ್ನೆ ಒತ್ತುವಾಗ ಕ್ಯಾಮರಾ ಅಲುಗಾಡೋದು ಇದರ ದೊಡ್ಡ ಕಾಟ, ಮೊಣಕೈ ಎದೆಗೆ ಒತ್ತಿಕೊಂಡು ಸನ್ನೆಯನ್ನ ಹಿಂಡಿದ ಹಾಗೆ ನಿಧಾನಕ್ಕೆ ಒತ್ತಿ. ರೋಲ್ ತಿರುಗಿಸದೆ ಮತ್ತೆ 1, 2 ಒತ್ತಿದ್ರೆ ಅದೇ ಚೌಕದ ಮೇಲೆ ಇನ್ನೊಂದು ಫೋಟೋ ಬೀಳತ್ತೆ, ಕ್ಯಾಮರಾ ತಡೆಯಲ್ಲ. ಬೇಕು ಅಂತ ಮಾಡಿದ್ರೆ ಚೆನ್ನ, ಮರೆತು ಮಾಡಿದ್ರೆ ಎರಡೂ ಹೋಯ್ತು, ಅದಕ್ಕೆ ತೆಗೆದ ತಕ್ಷಣ ತಿರುಗಿಸೋ ಅಭ್ಯಾಸ ಮಾಡ್ಕೊಳ್ಳಿ.

6×6 ನೆಗೆಟಿವ್ ಅಂದ್ರೆ ಹಿಟ್ಟಿನ 14 ಎಂಎಂ ಚೌಕಕ್ಕಿಂತ ಸುಮಾರು ಹದಿನಾರು ಪಟ್ಟು ಜಾಗ. ಲೆನ್ಸ್ ಸಾದಾ ಆದ್ರೂ ನೆಗೆಟಿವ್ ದೊಡ್ಡದಿರೋದ್ರಿಂದ ನಡು ಭಾಗ ಆಶ್ಚರ್ಯ ಆಗೋಷ್ಟು ಚೆನ್ನಾಗಿ ಬರತ್ತೆ. 120 ರೋಲು ಭಾರತದಲ್ಲಿ ಆನ್‌ಲೈನ್ ಸಿಗತ್ತೆ. ಒಂದು ಕಾಲದಲ್ಲಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ನಮ್ಮದೇ ‘ಇಂದು’ ಫಿಲ್ಮ್ ಮಾಡ್ತಿತ್ತು, ಆ ಕಾರ್ಖಾನೆ ಮುಚ್ಚಿದ ಮೇಲೆ ಹೊರಗಿಂದ ಬರೋದನ್ನೇ ನಂಬ್ಕೋಬೇಕು, ಹಾಗಾಗಿ ರೋಲ್ ದುಬಾರಿ ಅನ್ನೋದನ್ನೂ ಬಜೆಟ್ಟಲ್ಲಿ ಸೇರಿಸ್ಕೊಳ್ಳಿ.

ಫ್ಯೂಜಿಪೆಟ್ಟಿಗೇ ಆಮೇಲೆ ಇಇ ಅನ್ನೋ ಮಾದರಿ ಬಂತು, ಅದರಲ್ಲಿ ಬೆಳಕು ಅಳೆಯೋ ಸೆಲೆನಿಯಂ ಮೀಟರ್ ಇದೆ, ಇಷ್ಟು ವರ್ಷ ಆದ ಮೇಲೆ ಎಷ್ಟೋ ಸೆಲ್‌ಗಳು ಸತ್ತಿರ್ತಾವೆ, ನೋಡದೆ ತಗೋಬೇಡಿ. ಸ್ಟಾರ್ಟ್ ಅಂತ ಇನ್ನೊಂದು ಕ್ಯಾಮರಾ ಸಿಗತ್ತೆ, ಯುದ್ಧದ ನಂತರ ಜಪಾನಿ ಹುಡುಗರು ಆಸೆ ಪಟ್ಟು ಕೊಂಡಿದ್ದು, ಬೋಲ್ಟಾ ಅನ್ನೋ 35 ಎಂಎಂ ಅಗಲದ, ಹಿಂದೆ ಕಾಗದ ಇರೋ ಫಿಲ್ಮಿನದು. ಆ ಫಿಲ್ಮೂ ಈಗಿಲ್ಲ, ಆದ್ರೆ ಮಾಮೂಲಿ 35 ಎಂಎಂ ಫಿಲ್ಮನ್ನ ಕಾಗದಕ್ಕೆ ಅಂಟಿಸಿ ಹಾಕಬಹುದು, ಸೀಳೋ ಕೆಲಸ ಇಲ್ಲ, ಚಿತ್ರ 24 ಎಂಎಂ ಚೌಕ, ತೂತುಗಳ ನಡುವೆ ಸರಿಯಾಗಿ ಕೂರತ್ತೆ. ಮಾರೋರು ಎಷ್ಟೋ ಸಲ ಡಯಾನಾ, ಹೋಲ್ಗಾಗಳನ್ನೂ ಜಪಾನಿ ಟಾಯ್ ಕ್ಯಾಮರಾ ಅಂತ ಹಾಕಿರ್ತಾರೆ, ಅವೆರಡೂ ಹಾಂಗ್‌ಕಾಂಗಿನವು. ಕೆಟ್ಟವಲ್ಲ, 120 ಫಿಲ್ಮಿಗೇ ಓಡ್ತಾವೆ, ಆದ್ರೆ ಜಪಾನಿ ಅಂತ ಜಾಸ್ತಿ ಕೊಡಬೇಡಿ. ದುಡ್ಡು ಹಾಕೋ ಮುಂಚೆ ನೆಂಟರ ಮನೆಗಳಲ್ಲೂ ಒಂದು ಸಲ ಕೇಳಿ ನೋಡಿ, ಬರೋಡಾದಲ್ಲಿ ತಯಾರಾಗ್ತಿದ್ದ ಆಗ್ಫಾ ಕ್ಲಿಕ್ ತ್ರೀ ನಮ್ಮ ಕಡೆ ಎಷ್ಟೋ ಮನೆಗಳ ಅಟ್ಟದಲ್ಲಿ ಬಿದ್ದಿದೆ, ಅದೂ 120, ಅದೂ 6×6. ಜಪಾನಿ ಅಲ್ಲ, ಆದ್ರೆ ಫ್ಯೂಜಿಪೆಟ್ ತರಿಸೋ ಮುಂಚೆ ಕೈ ಪಳಗಿಸೋಕೆ ಅದಕ್ಕಿಂತ ಒಳ್ಳೇದಿಲ್ಲ.

ತರಿಸುವಾಗ ನೋಡಬೇಕಾದ್ದು ಇಷ್ಟು. ಜಪಾನಿನ ಮಾರಾಟಗಾರರು ‘ಜಂಕ್’ ಅಂತ ಹಾಕಿದ್ರೆ ಕೆಟ್ಟಿದೆ ಅಂತಲೇ ಅರ್ಥ ಅಲ್ಲ, ನಾವು ಪರೀಕ್ಷೆ ಮಾಡಿಲ್ಲ, ವಾಪಸ್ ತಗೊಳ್ಳಲ್ಲ ಅಂತ ಅರ್ಥ. ಇಂಥ ಸರಳ ಕ್ಯಾಮರಾಗಳಲ್ಲಿ ಕೆಡೋದೇ ಕಡಿಮೆ, ಹಾಗಾಗಿ ಆ ರಿಸ್ಕ್ ತಗೋಬಹುದು. ಶಟರ್ ತೆರೆದು ಮುಚ್ಚೋ ವಿಡಿಯೋ ಕೇಳಿ. ಲೆನ್ಸಿಗೆ ಟಾರ್ಚ್ ಬಿಟ್ಟ ಫೋಟೋ ಕೇಳಿ, ಜೇಡರಬಲೆ ಥರ ಕಂಡ್ರೆ ಫಂಗಸ್, ಒಂಟಿ ಲೆನ್ಸಾದ್ದರಿಂದ ಬಿಚ್ಚಿ ಒರೆಸೋದು ಸುಲಭವೇ ಆದ್ರೂ ಹಳೇದಾದ್ರೆ ಗಾಜಿಗೇ ಗುರುತು ಬಿದ್ದಿರತ್ತೆ. ಸಿಕ್ಕಿಹಾಕ್ಕೊಂಡ ಶಟರಿಗೆ ಯಾವ ಕಾರಣಕ್ಕೂ ಎಣ್ಣೆ ಬಿಡಬೇಡಿ, ಎಣ್ಣೆ ಹರಿದು ತಗಡಿಗೆ ಅಂಟಿ ಇನ್ನೂ ಹಿಡ್ಕೊಳ್ಳತ್ತೆ. ಒಂದೇ ಸಲ ಎರಡು ಮೂರು ಸಾಮಾನು ಸೇರಿಸಿ ತರಿಸಿ, ಯಾಕಂದ್ರೆ ಕ್ಯಾಮರಾ ಬೆಲೆಗಿಂತ ಸಾಗಣೆ ಮತ್ತು ಕಸ್ಟಮ್ಸ್ ಸೇರಿ ಜಾಸ್ತಿ ಆಗಿಬಿಡತ್ತೆ.

ಎಲ್ಲಕ್ಕಿಂತ ಮುಖ್ಯ ಸ್ಪೂಲು, ಅಂದ್ರೆ ಫಿಲ್ಮ್ ಸುತ್ತೋ ಉರುಳೆ. ಫ್ಯೂಜಿಪೆಟ್ಟಲ್ಲಿ ಖಾಲಿ ಸ್ಪೂಲ್ ಇಲ್ಲದೆ ಬಂದ್ರೂ ಚಿಂತೆ ಇಲ್ಲ, ಯಾವ 120 ರೋಲಿನದ್ದಾದ್ರೂ ಆಗತ್ತೆ, ಲ್ಯಾಬಲ್ಲಿ ಕೇಳಿದ್ರೆ ಸುಮ್ನೇ ಕೊಡ್ತಾರೆ. ಹಿಟ್ಟಿಂದು ಹಾಗಲ್ಲ, ಅದರ ಪುಟ್ಟ ಸ್ಪೂಲ್ ಬೇರೆ ಎಲ್ಲೂ ಸಿಗಲ್ಲ, ಎರಡು ಬೇಕು, ಒಂದರಿಂದ ಇನ್ನೊಂದಕ್ಕೆ ಸುತ್ತೋಕೆ. ಹಾಗಾಗಿ ದೊಡ್ಡಪ್ಪನ ಕ್ಯಾಮರಾದಲ್ಲಿ ಎಷ್ಟು ಸ್ಪೂಲ್ ಇದೆ ಅಂತ ನೋಡಬೇಕು, ಆದ್ರೆ ಈಗಲೇ ಬೆಳಕಲ್ಲಿ ತೆಗೆದು ನೋಡಬೇಡಿ. ಮೊದಲು ಕೆಂಪು ಕಿಟಕೀಲಿ ಕಾಗದ ಅಥವಾ ಅಂಕಿ ಕಾಣತ್ತಾ ನೋಡಿ, ಕಂಡ್ರೆ ಒಳಗೆ ಫಿಲ್ಮ್ ಇದೆ, ಅದು ದೊಡ್ಡಪ್ಪನೇ ತೆಗೆದದ್ದಿರಬಹುದು, ಅಷ್ಟು ಹಳೇ ಕಪ್ಪು ಬಿಳುಪು ಫಿಲ್ಮಲ್ಲೂ ಕೆಲವು ಸಲ ಚಿತ್ರ ಉಳಿದಿರತ್ತೆ. ಗುಂಡಿ ಬಲವಂತ ಮಾಡದೆ ಪೂರ್ತಿ ತಿರುಗಿಸಿ, ಕತ್ತಲೇಲಿ ತೆಗೆದು, ಫಾಯಿಲ್ ಸುತ್ತಿ ಇಟ್ಕೊಳ್ಳಿ. ಏನೂ ಕಾಣದಿದ್ರೂ ಮೊದಲ ಸಲ ಕತ್ತಲೇಲೇ ತೆಗೆದು ಬೆರಳಲ್ಲಿ ಮುಟ್ಟಿ ನೋಡಿ. ಎಷ್ಟು ಸ್ಪೂಲ್ ಸಿಕ್ತು, ‘ಬಿ’ ಇದೆಯಾ ಇಲ್ವಾ ಅಂತ ಬರೀರಿ. ಒಂದೇ ಸ್ಪೂಲ್ ಇದ್ರೆ ಅದರ ಉದ್ದ, ಎರಡು ಬಿಲ್ಲೆಗಳ ಅಡ್ಡಳತೆ, ನಡುವಿನ ಕಡ್ಡಿಯ ದಪ್ಪ ಎಂಎಂನಲ್ಲಿ ಅಳೆದು ಕಳಿಸಿ, ಅದೇ ಅಳತೆಗೆ ಇನ್ನೊಂದನ್ನ 3ಡಿ ಪ್ರಿಂಟ್ ಮಾಡಿಸೋದು ಹೇಗೆ ಅಂತ ಹೇಳ್ತೀನಿ.